ಮಿಲ್ಲಿನ ಗಡಿಯಾರದ ಮೇಲೆ ನನ್ನ ಗುಮಾನಿ

1958ರ ಮಾತು. ಸಂಕ್ರಾಂತಿ ಕಳೆದ ಮೇಲೆ ಶಿರಾದ ಒಂದು ಕಡಲೆಕಾಯಿ ಮಿಲ್ಲಿಗೆ ಬೀಜ ಆರಿಸುವ ಕೆಲಸಕ್ಕೆ ಸೇರಿದೆ. ಮಗ ರಂಗನಿಗೆ ಹತ್ತು ತಿಂಗಳು, ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವನನ್ನು ಅತ್ತೆಯ ಕೈಗೆ ಒಪ್ಪಿಸಿ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬಿಡುತ್ತಿದ್ದರು. ನಾನು ಮನೆ ಸೇರುವಷ್ಟರಲ್ಲಿ ಮಗು ಮಲಗಿಬಿಟ್ಟಿರುತ್ತಿತ್ತು.

ನಮ್ಮ ಕೋಣೆಗೆ ಕಿಟಕಿಯೇ ಇರಲಿಲ್ಲ. ಪಕ್ಕದಲ್ಲೇ ಕಾಯಿ ಒಡೆಯುವ ಮಿಷಿನ್ನಿನ ಗದ್ದಲ. ಹೊತ್ತೆಷ್ಟಾಯಿತೆಂದು ತಿಳಿಯಲು ಗೋಡೆ ಗಡಿಯಾರವೇ ಗತಿ. ಆದರೆ ನನ್ನ ಮೈ ಬೇರೆಯೇ ಹೇಳುತ್ತಿತ್ತು. ಎದೆ ಬಿಗಿದು, ಹಾಲು ಸೋರಿ ರವಿಕೆ ಒದ್ದೆಯಾದರೂ ಗಡಿಯಾರದಲ್ಲಿ ಇನ್ನೂ ಐದೂಕಾಲು! ಸಾಲದ್ದಕ್ಕೆ, ನಾವು ಊಟಕ್ಕೆ ಹೊರಗೆ ಕೂತಾಗ ಮ್ಯಾನೇಜರ್ ದಿನಾ ಸ್ಟೂಲು ಹತ್ತಿ ಅದಕ್ಕೆ ಕೀ ಕೊಡುತ್ತಿದ್ದ. ವಾರಕ್ಕೊಮ್ಮೆ ಕೊಟ್ಟರೆ ಸಾಕಾದ ಗಡಿಯಾರಕ್ಕೆ ದಿನಾ ಯಾಕೆ ಕೀ?

ಅವನು ಮುಳ್ಳು ಹಿಂದಕ್ಕೆ ತಿರುಗಿಸುತ್ತಾನೆ ಅಂತ ಪಕ್ಕದಲ್ಲಿ ಕೂರುತ್ತಿದ್ದ ಖಾತೂನ್‌ಬೀಗೆ ಹೇಳಿದೆ. "ಗಡಿಯಾರ ಸುಳ್ಳು ಹೇಳ್ತದೇನೇ? ನಿಂಗೆ ಮಗೀನ ಹುಚ್ಚು ಕಣಮ್ಮ, ಸುಮ್ಕೆ ಕೆಲ್ಸ ನೋಡು" ಎಂದು ನಕ್ಕಳು.

ರಂಜಾನಿನ ಮೊದಲ ರೋಜಾ ದಿನ ಸಂಜೆ ಮಿಷಿನ್ನಿನ ಬೆಲ್ಟು ಹರಿದು ಗದ್ದಲ ಗಪ್ಪನೆ ನಿಂತಿತು. ಸ್ವಲ್ಪ ಹೊತ್ತಿಗೆ ಮಸೀದಿಯಿಂದ ಬಾಂಗು ಕೇಳಿಸಿತು. ಅಂದರೆ ಹೊತ್ತು ಮುಳುಗಿತ್ತು, ಆರು ಯಾವಾಗಲೋ ದಾಟಿತ್ತು. ಗಡಿಯಾರದಲ್ಲಿ ಐದೂಮುಕ್ಕಾಲು!

ಖಾತೂನ್‌ಬೀ ನನ್ನ ಮುಖ ನೋಡಿದಳು. ಮೊರ ಕೆಳಗಿಟ್ಟು, ಹೂಜಿಯ ನೀರು ಕುಡಿದು ರೋಜಾ ಬಿಟ್ಟವಳೇ ಬಾಗಿಲಿಗೆ ನಡೆದಳು. ಹಿಂದೆಯೇ ನಾವೆಲ್ಲ ಎದ್ದೆವು.

"ಏಯ್, ಇನ್ನೂ ಆರಾಗಿಲ್ಲ, ಎಲ್ಲಿಗೆ?" ಎಂದು ಮ್ಯಾನೇಜರ್ ಅಡ್ಡ ಬಂದ.

"ಬಾಂಗು ಕೂಗೋರು ನಿಮ್ ಗಡಿಯಾರ ನೋಡ್ಕಂಡು ಕೂಗಾಕಿಲ್ಲ ಸಾಬ್" ಎಂದಳು ಖಾತೂನ್‌ಬೀ. ಅವನ ಮುಖ ಇಂಗು ತಿಂದ ಮಂಗನಂತಾಯಿತು.

ಮರುದಿನದಿಂದ ಗಡಿಯಾರ ತಾನಾಗಿ ಸರಿಹೋಯಿತು. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ.

ಆ ಮರುದಿನ ಸಂಜೆ ಓಡೋಡಿ ಮನೆಗೆ ಬಂದರೆ ರಂಗ ಎದ್ದೇ ಇದ್ದ! ನನಗೆ ಹಿಡಿಸಲಾರದಷ್ಟು ಖುಷಿ. ಕೈಕಾಲು ತೊಳೆದು ಮಡಿಲಿಗೆ ಹಾಕಿಕೊಂಡೆ. ಅವನು ಮೊಲೆಗೆ ಬಾಯಿಯನ್ನೇ ಹಾಕಲಿಲ್ಲ. ಅತ್ತೆಯ ಕೈಲಿದ್ದ ರಾಗಿಗಂಜಿಯ ಬಟ್ಟಲಿಗೆ ಕೈ ಚಾಚಿ ಚಂಡಿ ಹಿಡಿದ.

"ಸಂಜೆ ಹೊತ್ತು ಹಾಲು ಮರ್ತವ್ನೆ ಕಣವ್ವ, ಬೇಜಾರು ಮಾಡ್ಕಬ್ಯಾಡ" ಎಂದರು ಅತ್ತೆ. ಗಂಜಿ ಕುಡಿದು ಅವರ ತೊಡೆಯ ಮೇಲೇ ಮಲಗಿದ.

ನಾನು ಒಲೆ ಮುಂದೆ ಕೂತು ಆ ಮ್ಯಾನೇಜರಿಗೆ ಹಿಡಿಶಾಪ ಹಾಕಿದೆ. ಈಗ ನನಗೆ ಮೊಮ್ಮಕ್ಕಳಿದ್ದಾರೆ. ಆ ಶಾಪವನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.