ಬುಟ್ಟಿಯ ಮೇಲೆ ಒಣಗಿದ ಫಟಫಟಿ

ಹಳ್ಳದ ನೀರು ನನ್ನ ತೊಡೆಯ ತನಕ ಇತ್ತು. ದಂಡೆಗೆ ಬಂದು ಅಣ್ಣನಿಗೆ, "ಮೊಣಕಾಲ ಮಟ್ಟ ಐತಿ, ನಡಿ" ಅಂದೆ.

ಅವನು ಸೊಲ್ಲಾಪುರದಲ್ಲಿ ಒಬ್ಬ ಅರಳೆ ವ್ಯಾಪಾರಿಯ ಫಟಫಟಿ, ಬದಿಗೆ ಒಬ್ಬರು ಕೂರುವ ತೊಟ್ಟಿಯಿದ್ದ ಮೋಟಾರ್ ಸೈಕಲ್ಲು, ಓಡಿಸುತ್ತಿದ್ದ. ನಾಗರ ಪಂಚಮಿಗೆ ನನ್ನನ್ನು ವಾಗದರಿಯಿಂದ ಕುರನೂರಿನ ತವರಿಗೆ ಕರೆದೊಯ್ಯಲು ಸಾಹುಕಾರರನ್ನು ಬೇಡಿಕೊಂಡು ಅದನ್ನೇ ತಂದಿದ್ದ. ಮರುದಿನ ಮುಂಜಾನೆ ಗಾಡಿ ಪೇಟೆಯಲ್ಲಿರಬೇಕು, ಇಲ್ಲದಿದ್ದರೆ ಅವನೂ ಬರಬೇಕಿಲ್ಲ ಎಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಅತ್ತಿಗೆ ಹಸಿ ಬಾಣಂತಿ. ಹಳ್ಳ ಇಳಿಯುವ ತನಕ ದಂಡೆಯಲ್ಲಿ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಊರ ಹುಡುಗಿಯರು ಜೋಕಾಲಿ ಆಡುವ ಹೊತ್ತಿಗೆ, ಎಲ್ಲರೂ ನೋಡುವಂತೆ, ಗಾಡಿಯ ಬದಿಯ ತೊಟ್ಟಿಯಿಂದ ರಾಣಿಯ ಹಾಗೆ ಇಳಿಯಬೇಕೆಂಬ ಆಸೆ ನನಗೆ.

ನಟ್ಟನಡುವೆ ಎಂಜಿನ್ ಸತ್ತಿತು. ತೊಟ್ಟಿಗೆ ನೀರು ತುಂಬಿತು. ನಾನು ಬುತ್ತಿಯ ಗಂಟನ್ನು ತಲೆಯ ಮೇಲೆ ಹಿಡಿದು ಕೂತೆ. ಕುರಿ ಕಾಯುವವರಿಬ್ಬರು ನೂಕಿ ದಂಡೆಗೆ ಹಾಕಿದರು.

"ಬಿರೋಬಾ ದೊಡ್ಡಾಂವ, ನಿಮ್ಮ ಕುದ್ರಿಗೆ ಈಸಾಕ ಕಲಿಸ್ಯಾನ್ರಿ!" ಎಂದು ಒಬ್ಬ ತಮ್ಮ ಕುರುಬರ ದೇವರನ್ನು ನೆನೆದು ನಕ್ಕ.

ಅಣ್ಣ ನಗಲಿಲ್ಲ, ಕಿಕ್ ಕೂಡ ಒದೆಯಲಿಲ್ಲ. "ಒಳಗ ನೀರ ಐತಿ. ಈಗ ಒದ್ದರ ಎಂಜಿನ್ ಮುರೀತೈತಿ" ಎಂದು ಎತ್ತು ಕಟ್ಟಿಸಿ ಮನೆಗೆ ಎಳೆಸಿದ. ಜೋಕಾಲಿಯ ಹುಡುಗಿಯರಿಗೆ ಹಬ್ಬವೋ ಹಬ್ಬ. "ಏನಬೇ, ಫಟಫಟಿಗೂ ಎತ್ತ ಬೇಕೇನ?"

ಅಂಗಳದಲ್ಲಿ ಪ್ಲಗ್ ಬಿಚ್ಚಿ ಒದ್ದಾಗ ತೂತಿನಿಂದ ನೀರು ಚಿಮ್ಮಿ ಅಣ್ಣನ ಮುಖ ತೊಳೆಯಿತು. ಕೆಳಗಿನ ತಿರುಪು ತೆಗೆದರೆ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಇಳಿಯಿತು. ಅದನ್ನೆಲ್ಲ ಚೆಲ್ಲಿ, ಡಬ್ಬಿಯಲ್ಲಿದ್ದ ಹೊಸ ಎಣ್ಣೆ ಹಾಕಿದ. ಉಳಿದದ್ದು ಮ್ಯಾಗ್ನೆಟೊ, ಕಿಡಿ ಹುಟ್ಟಿಸುವ ಭಾಗ. ಅದು ಒಣಗದೆ ಗಾಡಿ ಏಳುವುದಿಲ್ಲ. ಮುಗಿಲು ನೋಡಿದರೆ ಬಿಸಿಲಿನ ಸುಳಿವಿಲ್ಲ.

"ಯವ್ವಾ, ಒಲಿ ಮ್ಯಾಲ ಹಂಚ ಇಡು. ಇದನ್ನ ಕಾಸಬೇಕು."

ಕಡುಬು ಬೇಯಿಸುತ್ತಿದ್ದ ಅವ್ವ ಎದ್ದೇ ನಿಂತಳು. "ಪಂಚಮಿ ದಿನ ಹಂಚ ಇಡತಾರೇನೋ? ನಾಗಪ್ಪನ ಹೆಡಿ ಸುಡಾಕ?"

"ನನ್ನ ನೌಕರಿ ಹೋಗತೈತವ್ವಾ."

"ನೌಕರಿ ಇನ್ನೊಂದ ಸಿಗತೈತಿ. ಹಂಚ ಇಡಾಂಗಿಲ್ಲ."

ಅಣ್ಣ ಬಿಚ್ಚಿದ ಮ್ಯಾಗ್ನೆಟೊ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಮುಖ ನೋಡಲಾಗದೆ ನಾನು ಬಾಣಂತಿ ಕೋಣೆಗೆ ಹೋದೆ. ಅಲ್ಲಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆ ಹರವಿದ್ದರು. ಮುಟ್ಟಿ ನೋಡಿದೆ. ಗರಿಗರಿ ಒಣಗಿದ್ದವು. ಹೊರಗೆ ಓಡಿಬಂದೆ.

"ಯವ್ವಾ, ಹಂಚಿಗೆ ದೋಷ ಐತಿ. ಬುಟ್ಟಿಗೇನೈತಿ?"

ಅವ್ವ ಯೋಚಿಸಿದಳು. "ಬುಟ್ಟಿಗೆ ಯಾರೂ ಏನೂ ಅಂದಿಲ್ಲ."

ಅತ್ತಿಗೆ ಒಳಗಿನಿಂದಲೇ ಕೂಗಿದಳು: "ಕೂಸಿನ ಪಾಳಿ ಮುಗದೈತಿ. ಇನ್ನ ಗಾಡೀನ ಮಲಗಸ್ರಿ!"

ಸಂಜೆಯ ತನಕ ನಾನೇ ಕೆಂಡ ಬದಲಿಸುತ್ತ, ಮ್ಯಾಗ್ನೆಟೊವನ್ನು ಕೂಸಿನಂತೆ ಮಗ್ಗಲು ಬದಲಿಸುತ್ತ ಕೂತೆ. ಅಣ್ಣ ಬಿಸಿ ಅರಿವೆಯಿಂದ ಮೂಲೆ ಮೂಲೆ ಒರೆಸಿ ಅದನ್ನು ಜೋಡಿಸಿದ.

ನಸುಕಿನಲ್ಲಿ ಒದ್ದ. ಗಾಡಿ ಕೆಮ್ಮಿತು, ಬಿಳಿ ಹೊಗೆ ಉಗುಳಿತು. ಮತ್ತೆ ಒದ್ದಾಗ ಓಣಿ ನಡುಗುವಂತೆ ಗುಡುಗಿತು. ಕೂಸು ಕಿರುಚಿತು, ನಾಯಿಗಳು ದಿಕ್ಕಾಪಾಲಾದವು, ಅವ್ವ ಗಾಡಿಗೇ ಕೈ ಮುಗಿದಳು. ನಿನ್ನೆ ನಕ್ಕ ಹುಡುಗಿಯರೆಲ್ಲ ಬಾಗಿಲಿಗೆ ಬಂದರು. "ನನ್ನ ನೌಕರಿ ಉಳಿಸಿದಾಕಿ ನನ್ನ ತಂಗಿ!" ಎಂದು ಅಣ್ಣ ಊರಿಗೇ ಕೇಳುವಂತೆ ಕೂಗಿದ. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಹೊತ್ತಿಗೆ ಸರಿಯಾಗಿ ಅವನು ಪೇಟೆ ಮುಟ್ಟಿದ. ಹಂಚಿನ ಮೇಲಿಟ್ಟಿದ್ದರೆ ಒಳಗಿನ ತಂತಿಗೆ ಬಳಿದ ಅರಗು ಕರಗಿ ಎಲ್ಲ ಹಾಳಾಗುತ್ತಿತ್ತು ಎಂದು ಅಲ್ಲಿಯ ಗಾಡಿ ದುರಸ್ತಿಯ ಮಿಸ್ತ್ರಿ ಹೇಳಿದನಂತೆ. ಅಂದಿನಿಂದ ನನಗೆ ಸಿಗುವ ಹೊಗಳಿಕೆ ಇನ್ನೂ ಬೆಳೆಯಿತು.

ಅಣ್ಣ ಇರುವ ತನಕ ಪ್ರತಿ ಪಂಚಮಿಗೂ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಈ ಕತೆ ಹೇಳುತ್ತಿದ್ದ. "ನಿಮ್ಮ ಅತ್ತಿ ನೋಡಿದಾಗ ಮೊಣಕಾಲ ಮಟ್ಟ ಇತ್ತು. ನಾವು ಇಳಿಯೂದ್ರಾಗ ಹಾಳಾದ ಹಳ್ಳ ಏರಿಬಿಡ್ತು" ಎನ್ನುತ್ತಿದ್ದ. ನಾನು ಅವನ ತಾಟಿಗೆ ಇನ್ನೊಂದು ಕಡುಬು ಹಾಕುತ್ತಿದ್ದೆ.