ಹಸು ನೆಕ್ಕಿದ ಕಲ್ಲುಗಳು

ಕಾರವಾರದಿಂದ ನಮ್ಮೂರು ಚಿನಕುರಳಿಗೆ ಎರಡು ಕ್ಯಾನು ಸಮುದ್ರದ ನೀರು ಹೊತ್ತು ತಂದವಳು ನಾನೊಬ್ಬಳೇ ಇರಬೇಕು. ಪಾಂಡವಪುರದಲ್ಲಿ ಬಸ್ಸು ಹತ್ತುವಾಗ ಕಂಡಕ್ಟರು ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಬೆರಳದ್ದಿ ನೆಕ್ಕಿ ನೋಡಿ, "ಯಾಕವ್ವಾ, ನಿಮ್ಮೂರ್ ಅಂಗ್ಡೀಲಿ ಉಪ್ಪು ಸಿಕ್ಕಾಕಿಲ್ವಾ?" ಎಂದು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮಾತ್ರ ಮಡಿಲಲ್ಲಿದ್ದ ಥರ್ಮಾಸ್ ಫ್ಲಾಸ್ಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಕಾರವಾರದಲ್ಲಿ ಬಾರ್ನಕಲ್ ಎಂಬ ಜೀವಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ದೋಣಿಯ ತಳಕ್ಕೆ, ಬಂದರಿನ ಕಂಬಕ್ಕೆ ಸುಣ್ಣದ ಬೊಕ್ಕೆಗಳಂತೆ ಅಂಟಿಕೊಂಡಿರುತ್ತದಲ್ಲ, ಅದು. ಮರಿಯಾಗಿದ್ದಾಗ ನೀರಿನಲ್ಲಿ ಅಲೆಯುತ್ತದೆ. ಕೊನೆಯ ಹಂತದಲ್ಲಿ ಊಟವನ್ನೂ ಬಿಟ್ಟು ಕೂರಲು ಜಾಗ ಹುಡುಕುತ್ತದೆ. ಕಲ್ಲು ನುಣುಪೋ ತರಿಯೋ, ಬೆಳಕೋ ನೆರಳೋ, ನೀರಿನಲ್ಲಿ ಉಪ್ಪು ಎಷ್ಟು, ತನ್ನವರು ಯಾರಾದರೂ ಮೊದಲೇ ಅಲ್ಲಿ ಕೂತಿದ್ದಾರೋ ಎಂದೆಲ್ಲ ತಡಕಿ ನೋಡುತ್ತದೆ. ಒಪ್ಪಿಗೆಯಾದರೆ ತಲೆಯೂರಿ ಅಂಟಿಕೊಂಡುಬಿಡುತ್ತದೆ. ಹೆಣ್ಣು ನೋಡಲು ಬರುವ ನಮ್ಮ ಕಡೆಯ ಗಂಡಿನವರೂ ಇಷ್ಟು ಕೆದಕುವುದಿಲ್ಲ.

ಆ ಸಲ ಮರಿಗಳು ಆ ಹಂತಕ್ಕೆ ಬಂದ ವಾರವೇ ಅಣ್ಣನ ಮದುವೆ, ಅದರ ಬೆನ್ನಿಗೇ ಬೀಗರೂಟ. ಮರಿಗಳೂ ಕಾಯುವುದಿಲ್ಲ, ಬೀಗರೂ ಕಾಯುವುದಿಲ್ಲ. ನನ್ನ ಹಿಂದಿನ ಪ್ರಯೋಗಗಳು ಒಂದಾದ ಮೇಲೊಂದು ಕೆಟ್ಟಿದ್ದವು. ಇದೂ ಕೆಟ್ಟರೆ ಓದಿದ್ದು ಸಾಕು, ಹೊಣಕೆರೆಯ ಗಂಡನ್ನು ಒಪ್ಪಿಕೋ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಅದಕ್ಕೇ ಮರಿಗಳನ್ನು ತಣ್ಣಗೆ ಫ್ಲಾಸ್ಕಿಗೆ ತುಂಬಿಕೊಂಡು ಊರಿಗೆ ಬಂದದ್ದು.

ನಮ್ಮೂರಲ್ಲಿ ಕಲ್ಲಿಗೇನು ಬರ? ಕ್ವಾರಿಯಿಂದ ಅಂಗೈಯಗಲದ ಚಕ್ಕೆಗಳನ್ನು ಆರಿಸಿ ತಂದೆ. ನುಣುಪಿನವು ಕೆಲವು, ಕುಳಿ ಬಿದ್ದವು ಕೆಲವು. ತನ್ನವರ ಗುರುತು ಸಿಗಲೆಂದು ಒಂದಷ್ಟಕ್ಕೆ ದೊಡ್ಡ ಬಾರ್ನಕಲ್ ಅರೆದ ರಸ ಸವರಿದೆ. ಎಲ್ಲವನ್ನೂ ಅಗಲದ ಬೇಸಿನ್ನಿನಲ್ಲಿ ಜೋಡಿಸಿ, ಒಂದು ಕ್ಯಾನು ನೀರು ಹೊಯ್ದು, ಮರಿಗಳನ್ನು ಬಿಟ್ಟು, ಅರ್ಧಕ್ಕೆ ಮೊರ ಮುಚ್ಚಿ ಕೊಟ್ಟಿಗೆ ಪಕ್ಕದ ಜಗಲಿಯ ಮೇಲಿಟ್ಟೆ. ಮರಿಗಳು ರಾಗಿ ಕಾಳಿನ ಅರ್ಧದಷ್ಟೂ ಇಲ್ಲ. ಮಾಕವಳ್ಳಿಯಿಂದ ಬಂದಿದ್ದ ದೊಡ್ಡವ್ವ, ಹೊಣಕೆರೆ ಸಂಬಂಧ ತಂದವಳೂ ಅವಳೇ, ಬಗ್ಗಿ ನೋಡಿ, "ಇಷ್ಟೆಲ್ಲಾ ಓದ್ಬುಟ್ಟು ಕಲ್ ನೆನೆ ಹಾಕವ್ಳಲ್ಲಾ! ಯಾವಾಗವ್ವಾ ಮೊಳ್ಕೆ ಬರೋದು?" ಎಂದಳು.

ಬೀಗರೂಟದ ಹಿಂದಿನ ಸಂಜೆ ಭೂತಗನ್ನಡಿ ಹಿಡಿದಾಗ ಕುಳಿಗಳೊಳಗೆ ಚುಕ್ಕಿಗಳು ಕಂಡವು. ರಸ ಸವರಿದ ಕಲ್ಲಿನ ಅಡಿಯಲ್ಲಂತೂ ಗುಂಪುಗುಂಪಾಗಿ. ನುಣುಪು ಕಲ್ಲಿನ ಮೇಲೆ ಒಂದೂ ಇಲ್ಲ. "ಆಯ್ತು ಕಣವ್ವ, ಆಯ್ತು!" ಎಂದು ಅಡುಗೆಮನೆಯಲ್ಲೇ ಕುಣಿದು, ಒಂದು ಮುದ್ದೆ ಹೆಚ್ಚಿಗೆ ಉಂಡು ಮಲಗಿದೆ.

ಬೆಳಿಗ್ಗೆ ಎದ್ದು ಬಂದರೆ ಬೇಸಿನ್ನು ಜಗಲಿಯ ಮೇಲಿಲ್ಲ. ಕೊಟ್ಟಿಗೆಯಲ್ಲಿ ನಮ್ಮ ಹಸು ಅದರೊಳಗೆ ಮೂತಿಯಿಟ್ಟು ಕಲ್ಲುಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು. ನೀರು ತಳ ಕಂಡಿತ್ತು. ನಮ್ಮ ಕಡೆ ಅಕ್ಕಿ ತೊಳೆದದ್ದೋ ಗಂಜಿಯೋ, ಬಗ್ಗಡದ ನೀರು ಯಾವುದೇ ಇರಲಿ, ಅದು ಹಸುವಿನ ಕಲಗಚ್ಚು. ಚೆಲ್ಲುವ ಮಾತೇ ಇಲ್ಲ. ಬೀಗರೂಟದ ಗಡಿಬಿಡಿಯಲ್ಲಿದ್ದ ಅವ್ವ ಒಂದು ಹಿಡಿ ಬೂಸಾ ಉದುರಿಸಿ ಇಟ್ಟಿದ್ದಳು.

"ಏನವ್ವಾ ಮಾಡ್ಬುಟ್ಟೆ!" ಎಂದು ಕಿರುಚಿ, ಸಗಣಿಯ ಪಕ್ಕದಲ್ಲೇ ಕೂತು ಗೊಳೋ ಎಂದು ಅತ್ತೆ.

"ನೀನೇ ಅಲ್ವಾ ಆಯ್ತು ಅಂದಿದ್ದು? ಉಪ್ನೀರು, ಚೆಲ್ಲಕ್ಕೆ ಮನ್ಸ್ ಬರ್ನಿಲ್ಲ. ಹಸ ಎಂಗ್ ಕುಡೀತು ಅಂತೀಯ!"

ಅಳುತ್ತಲೇ ಕಲ್ಲುಗಳನ್ನು ಎತ್ತಿ ಉಳಿದ ಕ್ಯಾನಿನ ನೀರಿಗೆ ಹಾಕಿ ನೋಡಿದೆ. ಚುಕ್ಕಿಗಳು ಇದ್ದ ಹಾಗೇ ಇದ್ದವು! ದೋಣಿಯವರು ಉಳಿ ಹಿಡಿದು ಕೆರೆದರೂ ಜಪ್ಪಯ್ಯ ಎನ್ನದ ಜಾತಿ, ಹಸುವಿನ ನಾಲಿಗೆಗೆ ಜಗ್ಗೀತೇ? ಅಲೆಯುತ್ತಿದ್ದವು ಹೊಟ್ಟೆ ಸೇರಿದ್ದವು, ಕೂತವು ಕೂತೇ ಇದ್ದವು. ಎಲ್ಲೆಲ್ಲಿ ಕೂತಿವೆ ಎಂದು ಸಂಜೆಯೇ ನೋಡಿಕೊಂಡಿದ್ದರಿಂದ ಪ್ರಯೋಗ ಉಳಿಯಿತು. ನನ್ನ ಮಾರ್ಗದರ್ಶಕರು ಆಮೇಲೆ ಇದನ್ನು ಕೇಳಿ ಕೆಮ್ಮು ಬರುವಷ್ಟು ನಕ್ಕರು. ಹಸುವಿನ ವಿಷಯ ಮಾತ್ರ ಪ್ರಬಂಧದಲ್ಲಿ ಬರೆಯಬೇಡ ಎಂದರು.

ಆ ದಿನವೆಲ್ಲ ಹೊರಗೆ ಬಾಡೂಟದ ಗದ್ದಲ. ಅವ್ವ ಪೊರಕೆ ಹಿಡಿದು ಬೇಸಿನ್ನಿನ ಹತ್ತಿರ ಕೋಳಿಯನ್ನೂ ಸುಳಿಯಗೊಡಲಿಲ್ಲ. ಮಾರನೆಯ ದಿನ ನೆಂಟರು ಹೊರಡುವ ಹೊತ್ತಿಗೆ, "ಏನೈತೆ ಅದ್ರಲ್ಲಿ, ನಂಗೂ ತೋರ್ಸು" ಎಂದಳು. ಭೂತಗನ್ನಡಿ ಕೊಟ್ಟೆ. ಮೊದಲು ಕೂತ ಮರಿಯೊಂದು ಚಿಪ್ಪಿನ ಬಾಗಿಲು ತೆರೆದು ಗರಿಯಂಥ ಕಾಲುಗಳನ್ನು ಬೀಸುತ್ತಿತ್ತು.

"ಅಯ್ಯೋ, ಕೈ ಆಡಿಸ್ತದೆ ಕಣವ್ವ!"

"ಕಾಲವ್ವ ಅದು. ಅದ್ರಲ್ಲೇ ಬಾಚ್ಕಂಡು ತಿನ್ನೋದು."

"ಈ ಕಲ್ ಬ್ಯಾಡ ಅನ್ನಿಸುದ್ರೆ ಎದ್ದೋಗ್ತದಾ?"

"ಇಲ್ಲ. ಒಂದ್ಕಿತ ಕುಂತ್ರೆ ಸಾಯಗಂಟ ಅಲ್ಲೇಯ."

ಅವ್ವ ಗಾಜನ್ನು ಕೆಳಗಿಟ್ಟು, ತಾನೇ ಮೊರವನ್ನು ಬೇಸಿನ್ನಿನ ಮೇಲೆ ಸರಿಯಾಗಿ ಮುಚ್ಚಿದಳು. ಅಷ್ಟರಲ್ಲಿ ದೊಡ್ಡವ್ವ ಚೀಲ ಹಿಡಿದು ಬಂದು, "ಹೊಣಕೆರೆಯವ್ರಿಗೆ ಏನ್ ಯೋಳ್ಲಿ?" ಎಂದು ಕೇಳಿದಳು. ಅಪ್ಪ ಗಂಟಲು ಸರಿಮಾಡಿಕೊಂಡ. ಅಪ್ಪನಿಗಿಂತ ಮೊದಲೇ ಅವ್ವ ಬಾಯಿ ತೆಗೆದಳು.

"ಈಗ ಬ್ಯಾಡ ಅನ್ನಕ್ಕ. ಅವ್ಳು ಓದು ಮುಗಿಸ್ಲಿ. ನಂಗಂತೂ ಜಾಗ ನೋಡಾಕೆ ಯಾರೂ ಬುಡ್ನಿಲ್ಲ."

ಅಪ್ಪ ದೊಡ್ಡವ್ವನ ಕೈಯಿಂದ ಚೀಲ ಇಸಿದುಕೊಂಡು ಬಸ್ಸಿನ ಕಡೆ ಹೊರಟ.