ಹಗಲು ದೀಪದ ಕಾವಲು

ನಮ್ಮ ಬಡಾವಣೆಯ ಅಗ್ನಿಶಾಮಕ ಸಮಿತಿಗೆ ನಾನು ಕಾರ್ಯದರ್ಶಿಯಾಗಿದ್ದೆ. ಸದಸ್ಯರು ಐವರು. ಐವರಿಗೂ ಸೇರಿ ಸರಿಯಾಗಿ ಮಡಚುವ ಮೊಣಕಾಲುಗಳು ಆರು; ಆ ಆರರಲ್ಲಿ ನನ್ನದು ಒಂದೂ ಇಲ್ಲ. ಸಮಿತಿಯ ಆಸ್ತಿ ಎಂದರೆ ನೀರು ತುಂಬಿದ ಎರಡು ನೀಲಿ ಡ್ರಮ್ಮು, ಒಂದಷ್ಟು ಗೋಣಿಚೀಲ, ನಾಲ್ಕು ಸಲಿಕೆ, ಒಂದು ಸೀಟಿ. ಸೀಟಿ ನನ್ನ ಬಳಿ ಇರುತ್ತಿತ್ತು. ಓಡಲಾಗದವನಿಗೆ ಊದುವ ಕೆಲಸವಾದರೂ ಇರಲಿ ಎಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿತ್ತು. ಸಭೆ ಸೇರುತ್ತಿದ್ದುದು ಹಾಲಿನ ಬೂತಿನ ಮುಂದೆ.

ಅಮೃತಹಳ್ಳಿಯ ಹಿಂದೆ, ಕೆರೆಯ ಕಡೆಗೆ, ಇನ್ನೂ ಯಾರೂ ಕಟ್ಟಡ ಎಬ್ಬಿಸದ ಒಂದಿಷ್ಟು ಬಯಲಿದೆ. ಮಳೆಗಾಲದಲ್ಲಿ ಎದೆಮಟ್ಟ ಬೆಳೆಯುವ ಹುಲ್ಲು ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಣಗಿ ನಿಲ್ಲುತ್ತದೆ. ಅಲ್ಲಿಂದ ಯುಗಾದಿಯವರೆಗೆ ಅದಕ್ಕೆ ಬೆಂಕಿ ಬೀಳಲು ದೊಡ್ಡ ಕಾರಣವೇನೂ ಬೇಕಿಲ್ಲ. ಯಾರೋ ಬೀಡಿ ಎಸೆದರೆ ಸಾಕು. ಇನ್ಯಾರೋ ಮನೆ ಮುಂದಿನ ತರಗೆಲೆಯನ್ನು ಗುಡ್ಡೆ ಹಾಕಿ, ಕಡ್ಡಿ ಗೀರಿ, ಕಾಫಿ ಕುಡಿದು ಬರೋಣವೆಂದು ಒಳಗೆ ಹೋದರೆ ಸಾಕು. ಕಾಫಿಗೆಂದು ಒಳಗೆ ಹೋಗುವವರೇ ನಮ್ಮಲ್ಲಿ ಹೆಚ್ಚು.

ಸಮಿತಿಯ ಅಧ್ಯಕ್ಷರು ಹಳೇ ಊರಿನ ಯಜಮಾನರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ನಮ್ಮ ಮನೆಗಳೆಲ್ಲ ನಿಂತಿರುವುದು. ಇಬ್ಬರು ಗಂಡುಮಕ್ಕಳೂ ಬಿಲ್ಡರುಗಳು. ಅಪ್ಪನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಯಜಮಾನರು ಮಾತ್ರ ಬಯಲಿನಂಚಿನ ಹತ್ತು ಗುಂಟೆಯನ್ನು ಮಕ್ಕಳಿಗೂ ಬಿಟ್ಟುಕೊಟ್ಟಿರಲಿಲ್ಲ. ಅಲ್ಲೊಂದು ಹೊಂಗೆ ಮರ, ಅದರ ಬುಡದಲ್ಲಿ ಅವರ ಹೆಂಡತಿಯ ಸಮಾಧಿ.

ಆಕೆ ಮದುವೆಯಾಗಿ ಬಂದ ವರ್ಷವೇ ಕಣದಲ್ಲಿದ್ದ ಹುಲ್ಲಿನ ಮೆದೆಗೆ ಬೆಂಕಿ ಬಿದ್ದು, ಪಕ್ಕದಲ್ಲಿ ಕಟ್ಟಿದ್ದ ಎರಡು ಎತ್ತು ಕಣ್ಣೆದುರೇ ಬೆಂದುಹೋದವಂತೆ. ಅಂದಿನಿಂದ ಬೆಂಕಿ ಎಂದರೆ ನಡುಕ. ಸಾಯುವ ಮುಂಚೆ ಗಂಡನನ್ನು ಕೇಳಿಕೊಂಡದ್ದು ಒಂದೇ: ನನ್ನ ಹತ್ತಿರ ಬೆಂಕಿ ಬರಬಾರದು. ಮಣ್ಣು ಮಾಡುವುದೇ ಆ ಮನೆತನದ ಪದ್ಧತಿಯಾದ್ದರಿಂದ ಇವರು ಸುಲಭವಾಗಿ ಮಾತು ಕೊಟ್ಟರು. ಹುಲ್ಲು ವರ್ಷವರ್ಷವೂ ಒಣಗುತ್ತದೆ ಎಂಬುದು ಮಾತು ಕೊಟ್ಟ ಮೇಲೆ ಹೊಳೆಯಿತಂತೆ.

ಸಮಿತಿ ಹುಟ್ಟಿದ್ದು ಹೀಗೆ. ನಡಾವಳಿ ಪುಸ್ತಕದಲ್ಲಿ ನಾನು ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆದಿದ್ದೇನೆ.

ವಿದ್ಯೆಯನ್ನೆಲ್ಲ ಹೇಳಿಕೊಟ್ಟವರು ಯಜಮಾನರು. ಶಿವರಾತ್ರಿಗೆ ಮೊದಲೇ ಬಯಲಿನ ಸುತ್ತ ಎರಡು ಮಾರು ಅಗಲ ಹುಲ್ಲು ಕೆತ್ತಿ ಬರಿನೆಲ ಮಾಡಬೇಕು. ಗಾಳಿಯನ್ನು ಬೆನ್ನಿಗಿಟ್ಟುಕೊಂಡೇ ಬೆಂಕಿಯ ಹತ್ತಿರ ಹೋಗಬೇಕು. ಒದ್ದೆ ಗೋಣಿಯನ್ನು ಬೀಸಿ ಬಡಿಯಬಾರದು, ಬಡಿದರೆ ಕಿಡಿ ಹಾರುತ್ತದೆ. ಮಗುವಿಗೆ ಹೊದಿಸುವ ಹಾಗೆ ಹಾಸಿ ಒತ್ತಬೇಕು. ಎಲ್ಲ ಮುಗಿದ ಮೇಲೆ ಬೂದಿಯ ಮೇಲೆ ಕೈಯ ಹಿಂಭಾಗವನ್ನು ಇಟ್ಟು ನೋಡಬೇಕು. ಅಂಗೈ ಯಾಕೆ ಬೇಡ ಎಂದು ನಾನು ಕೇಳಿದ್ದೆ.

“ಅಂಗೈ ಸುಳ್ಳು ಏಳ್ತೈತೆ ಸಾಮಿ. ಸಲಿಕೆ ಇಡ್ದು ಇಡ್ದು ಕಲ್ಲಾಗೈತೆ. ಕೈ ಇಂದ್ಗಡೆ ಚರ್ಮ ಸುಳ್ಳು ಏಳಲ್ಲ.”

ನನ್ನ ಅಂಗೈ ಸಲಿಕೆಯನ್ನು ಹಿಡಿದದ್ದಲ್ಲ, ಪೆನ್ನು ಹಿಡಿದದ್ದು. ಆದರೂ ಈ ತತ್ವ ನನಗೆ ಬಹಳ ಹಿಡಿಸಿತು. ಇದಕ್ಕೆ ‘ಹಿಂಗೈ ಪರೀಕ್ಷೆ’ ಎಂದು ನಾಮಕರಣ ಮಾಡಿ ಬೀದಿ ಬೀದಿಯಲ್ಲಿ ಉಪದೇಶಕ್ಕೆ ಹೊರಟೆ. ಗುಡಿಸುವ ಹೆಂಗಸರಿಗೆ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳಿಗೆ, ವಾಕಿಂಗ್ ಬಂದವರಿಗೆ, ಯಾರು ಸಿಕ್ಕಿದರೂ ಬಿಡುತ್ತಿರಲಿಲ್ಲ. “ರೀ, ಒಲೆ ಮೇಲೆ ಹಾಲು ಉಕ್ತಾ ಇದೆ, ಅದಕ್ಕೂ ಒಂದು ಭಾಷಣ ಮಾಡಿ,” ಎಂದಿದ್ದಳು ನನ್ನ ಹೆಂಡತಿ.

ಪ್ರತಿ ವರ್ಷ ಮಾಘದಲ್ಲಿ ಯಜಮಾನರ ಹೆಂಡತಿಯ ತಿಥಿ. ಬೆಳಿಗ್ಗೆ ಸಮಾಧಿಯ ಸುತ್ತ ಗುಡಿಸಿ, ನೀರು ಚಿಮುಕಿಸಿ, ಬಾಳೆಲೆಯಲ್ಲಿ ಎಡೆ ಇಟ್ಟು, ಹೊಂಗೆ ಎಣ್ಣೆಯ ಹಣತೆ ಹಚ್ಚುತ್ತಿದ್ದರು. ಬೆಂಕಿಗೆ ಹೆದರುತ್ತಿದ್ದವಳ ತಲೆಯ ಹತ್ತಿರವೇ ಬೆಂಕಿ. ಆದರೆ ದೀಪವಿಲ್ಲದೆ ಎಡೆ ಇಡುವುದುಂಟೆ? ಸತ್ತವರಿಗೆ ಹಚ್ಚಿದ ದೀಪವನ್ನು ಕೈಯಾರೆ ಆರಿಸುವಂತೆಯೂ ಇಲ್ಲ. ಎಣ್ಣೆ ತೀರಿ ತಾನಾಗಿಯೇ ಆರಬೇಕು. ಹಾಗಾಗಿ ಯಜಮಾನರು ಪಕ್ಕದಲ್ಲಿ ಒಂದು ಬಿಂದಿಗೆ ನೀರು, ಒಂದು ಒದ್ದೆ ಗೋಣಿ ಇಟ್ಟುಕೊಂಡು ಅದು ಆರುವವರೆಗೂ ಕೂತೇ ಇರುತ್ತಿದ್ದರು. ಎರಡು ತಾಸಾಗಲಿ, ಮೂರು ತಾಸಾಗಲಿ.

ಮೂರು ವರ್ಷದ ಹಿಂದಿನ ಮಾಘದಲ್ಲಿ ನಾನೂ ಜೊತೆಗಿದ್ದೆ. ಹನ್ನೊಂದರ ಹೊತ್ತಿಗೆ ಕೆರೆಯ ಆಚೆ ದಡದಲ್ಲಿ ಹೊಗೆ ಎದ್ದಿತು. ಸಮಿತಿಯ ಉಳಿದ ಮೂವರು ಗೋಣಿ ಹೊತ್ತು ಬಂದರು. ಯಜಮಾನರು ಒಮ್ಮೆ ಹೊಗೆಯನ್ನು, ಒಮ್ಮೆ ಹಣತೆಯನ್ನು ನೋಡಿದರು. ಆಮೇಲೆ ನನ್ನ ಮೊಣಕಾಲನ್ನು ನೋಡಿದರು.

“ನೀವು ಕೂತಿರಿ ಸಾಮಿ. ಆರಿಸ್ಬ್ಯಾಡಿ, ಅದೇ ಆರ್ತೈತೆ. ಆರೋಗಂಟ ಏಳ್ಬ್ಯಾಡಿ.”

ಕೂತೆ. ಹೊಂಗೆ ಎಲೆ ಉದುರಿಸುವ ಕಾಲ. ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಆಗಲೇ ಒಣ ಎಲೆ ಹಾಸಿತ್ತು. ಎಡೆಗೆ ಕಾಗೆ ಇನ್ನೂ ಬಂದಿರಲಿಲ್ಲ. ಬಿಸಿಲು ನೆತ್ತಿಗೇರಿತು. ಒಂದು ಗಂಟೆಯ ಸುಮಾರಿಗೆ ಹಣತೆಯ ಕಡೆ ನೋಡಿದರೆ ಉರಿ ಕಾಣಲಿಲ್ಲ. ಆರಿತು ಎಂದುಕೊಂಡೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಸಣ್ಣ ದೀಪದ ಉರಿ ಕಾಣುವುದಿಲ್ಲ ಎಂಬುದನ್ನು ಸಮಿತಿಯ ಕಾರ್ಯದರ್ಶಿಯಾಗಿ ನಾನೇ ಬೇರೆಯವರಿಗೆ ಹೇಳಬೇಕಾಗಿತ್ತು. ಹಣತೆಯ ಬಳಿ ಕೈ ಇಟ್ಟು ನೋಡಲಿಲ್ಲ. ಮನೆಯಲ್ಲಿ ಅಂದು ಹುರುಳಿಕಾಯಿ ಹುಳಿ. ಎದ್ದು ಊಟಕ್ಕೆ ಹೋದೆ.

ಕೈ ತೊಳೆಯುವಾಗ ಹೊಗೆಯ ವಾಸನೆ ಬಂತು. ನಾನು ಕುಂಟುತ್ತ ತಲುಪುವಷ್ಟರಲ್ಲಿ ಆಚೆ ದಡದಿಂದ ಅವರೆಲ್ಲ ಓಡಿಬಂದಾಗಿತ್ತು. ಸಮಾಧಿಯ ಮೇಲಿಂದ ಬೆಂಕಿ ಹಾಯ್ದುಹೋಗಿತ್ತು. ಬಾಳೆಲೆ ಇರಲಿಲ್ಲ, ಹೊಂಗೆಯ ಬುಡ ಕಪ್ಪಾಗಿತ್ತು. ಬಯಲಿನ ಹುಲ್ಲಿನಲ್ಲಿ ಮೂವರು ಗೋಣಿ ಒತ್ತುತ್ತಿದ್ದರು. ಯಜಮಾನರು ಮಾತ್ರ ಸಮಾಧಿಯ ಮೇಲೆ ಗೋಣಿ ಹಾಸಿ, ಅದರ ಮೇಲೆ ಎರಡೂ ಕೈ ಊರಿ ಬಗ್ಗಿ ನಿಂತಿದ್ದರು. ಅಲ್ಲಿ ಒತ್ತಲು ಬೆಂಕಿಯೇ ಉಳಿದಿರಲಿಲ್ಲ. ನಾನು ಸೀಟಿ ಊದಿದೆ. ಯಾಕೆ ಊದಿದೆನೋ ತಿಳಿಯದು.

ಎಲ್ಲ ತಣ್ಣಗಾದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ದೀಪ ಆರಿತ್ತಾ ಸಾಮಿ?”

“ಆರಿತ್ತು,” ಎಂದೆ.

“ಅಂಗಾರೆ ನಂದೇ ತಪ್ಪು. ಬೆಳಿಗ್ಗೆ ಊದ್ಕಡ್ಡಿ ಹಚ್ದಾಗ ಎಲ್ಲೋ ಕಿಡಿ ಬಿದ್ದೈತೆ,” ಎಂದರು.

ಆಮೇಲೆ ನಾನು ಆರೋಪವನ್ನು ಕಾಗೆಯ ಮೇಲೆ ಹೊರಿಸಿ ನೋಡಿದೆ. ಎಡೆಗೆ ಬಂದ ಕಾಗೆ ಎಣ್ಣೆಯ ಆಸೆಗೆ ಬತ್ತಿ ಎಳೆದಿರಬಹುದು. ಗಾಳಿಯ ಮೇಲೂ ಹೊರಿಸಿದೆ. ವಿಚಾರಣೆ ಹಲವು ದಿನ ನಡೆಯಿತು. ಕಾವಲಿಗೆ ಕೂರಿಸಿದ್ದು ಕಾಗೆಯನ್ನೂ ಅಲ್ಲ, ಗಾಳಿಯನ್ನೂ ಅಲ್ಲ ಎಂಬಲ್ಲಿಗೆ ಬಂದು ಪ್ರತಿ ಸಲವೂ ನಿಲ್ಲುತ್ತಿತ್ತು.

ಯಜಮಾನರು ಬಯಲಿನ ಗಸ್ತು ತಿರುಗುವುದನ್ನು ಬಿಟ್ಟರು. ಹಾಲಿನ ಬೂತಿನ ಕಡೆಗೂ ಬರಲಿಲ್ಲ. ನಾನು ನಿಜ ಹೇಳಿಬಿಡಬೇಕೆಂದು ನಾಲ್ಕಾರು ಸಲ ಅವರ ಮನೆಗೆ ಹೋದೆ. ಟೀ ಕುಡಿದು, ಮಳೆ ಬೆಳೆ ಮಾತಾಡಿ ವಾಪಸ್ಸು ಬಂದೆ. ಅಕ್ಟೋಬರಿನಲ್ಲಿ ಅವರು ಹಾಸಿಗೆ ಹಿಡಿದರು. ಒಂದು ದಿನ ಹಿರಿಯ ಮಗ ನಮ್ಮ ಮನೆಗೆ ಬಂದ. ಹೆಂಡತಿಯ ಪಕ್ಕದಲ್ಲಿ ಜಾಗ ಬಿಟ್ಟಿಟ್ಟಿದ್ದರೂ ಅಪ್ಪ ಅಲ್ಲಿ ಮಣ್ಣು ಮಾಡಬೇಡಿ, ಸುಟ್ಟುಬಿಡಿ ಎನ್ನುತ್ತಿದ್ದಾರೆ ಎಂದ. ಅವಳಿಗೆ ಬೆಂಕಿ ಮುಟ್ಟಿಸಿದವನು ಅವಳ ಪಕ್ಕದಲ್ಲಿ ಯಾವ ಮುಖ ಇಟ್ಟುಕೊಂಡು ಮಲಗಲಿ ಎಂದರಂತೆ. ತಮ್ಮ ವಂಶದಲ್ಲಿ ಯಾರನ್ನೂ ಸುಟ್ಟದ್ದಿಲ್ಲ ಎಂದ. “ನೀವಾದ್ರೂ ಹೇಳಿ ಸಾರ್, ನಿಮ್ ಮಾತು ಕೇಳ್ತಾರೆ.”

ಅವನ ಜೊತೆಯಲ್ಲೇ ಹೋದೆ. ಮಗನನ್ನು ಹೊರಗೆ ಕಳಿಸಿ, ಮಂಚದ ಪಕ್ಕ ಕೂತು ಹೇಳಿದೆ.

“ಯಜಮಾನ್ರೇ, ಅವತ್ತು ನಾನು ಸುಳ್ಳು ಹೇಳ್ದೆ. ದೀಪ ಆರಿತ್ತೋ ಇಲ್ವೋ ನೋಡ್ಲೇ ಇಲ್ಲ. ಊಟಕ್ಕೆ ಎದ್ದು ಹೋದೆ. ತಪ್ಪು ನಂದು, ನಿಮ್ದಲ್ಲ.”

ಅವರು ನಕ್ಕರು.

“ಊರ್ಗೆಲ್ಲ ಕೈಯಿಟ್ಟು ನೋಡಿ ಅಂತ ಏಳೋರು ನೀವು. ನೀವು ನೋಡ್ದಂಗೆ ಓಯ್ತೀರಾ? ನನ್ ಮಗ ಏಳ್ಕೊಟ್ಟು ಕಳ್ಸವ್ನೆ.” ನನ್ನ ಕೈ ತಟ್ಟಿದರು. “ದೊಡ್ಡ ಮನ್ಸು ಸಾಮಿ ನಿಮ್ದು.”

ಆಣೆ ಮಾಡಿದೆ. ಹುರುಳಿಕಾಯಿ ಹುಳಿಯ ಸಮೇತ ಎಲ್ಲವನ್ನೂ ಹೇಳಿದೆ. ಹೇಳಿದಷ್ಟೂ ಅವರ ದೃಷ್ಟಿಯಲ್ಲಿ ನನ್ನ ಮನಸ್ಸು ದೊಡ್ಡದಾಗುತ್ತಲೇ ಹೋಯಿತು. ಸುಳ್ಳನ್ನು ಒಂದೇ ಪದದಲ್ಲಿ ನಂಬಿದ್ದ ಮನುಷ್ಯ ನಿಜವನ್ನು ಅರ್ಧ ಗಂಟೆ ಹೇಳಿದರೂ ನಂಬಲಿಲ್ಲ.

ಹತ್ತು ದಿನಕ್ಕೆ ತೀರಿಕೊಂಡರು. ಅಪ್ಪನ ಮಾತು ಮೀರಲಾರದೆ ಮಕ್ಕಳು ಹೆಬ್ಬಾಳದ ವಿದ್ಯುತ್ ಚಿತಾಗಾರಕ್ಕೆ ಒಯ್ದರು. ಅಲ್ಲಿ ಗಾಳಿ ಯಾವ ದಿಕ್ಕಿಗೆ ಎಂದು ನೋಡುವ ಅಗತ್ಯವಿಲ್ಲ. ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಮಧ್ಯಾಹ್ನ ಒಂದು ಮಡಕೆಯಲ್ಲಿ ಬೂದಿ ಕೊಟ್ಟರು.

ಮಕ್ಕಳಿಬ್ಬರೂ ಮಡಕೆಯನ್ನು ಕಾರಿನಲ್ಲಿಟ್ಟುಕೊಂಡು ನನ್ನ ಮುಖ ನೋಡಿದರು. ಅಪ್ಪ ಸುಡಿ ಎಂದಿದ್ದರು, ಸುಟ್ಟಾಯಿತು. ಬೂದಿಯ ವಿಷಯ ಏನೂ ಹೇಳಿರಲಿಲ್ಲ. ಅಮ್ಮನ ಪಕ್ಕದಲ್ಲಿ ಇಡಬಹುದೇ ಎಂದು ಕೇಳಿದ ಹಿರಿಯವನು. ಇಡಬಹುದು ಎಂದೆ. ಆ ತೀರ್ಮಾನ ಕೊಡುವ ಯೋಗ್ಯತೆ ನನಗೆಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಹೊಂಗೆಯ ಕೆಳಗೆ ಕಿರಿಯವನು ಗುಣಿ ತೋಡಿದ. ಅಣ್ಣ ಮಡಕೆ ಎತ್ತಿಕೊಂಡು ಬಗ್ಗಿದಾಗ ನಾನು ತಡೆದೆ. ಕೈಯ ಹಿಂಭಾಗವನ್ನು ಮಡಕೆಗೆ ತಾಗಿಸಿ ನೋಡಿದೆ. ಇನ್ನೂ ಬಿಸಿ ಇತ್ತು.

“ಇರಿ,” ಎಂದೆ. “ಆರಲಿ.”

ಮೂವರೂ ನೆಲದ ಮೇಲೆ ಕೂತೆವು. ಕಾರ್ತಿಕದ ಬಿಸಿಲು ಚುರುಕಾಗಿತ್ತು. ನಾನು ಮೂರು ಸಲ ಮುಟ್ಟಿ ನೋಡಿದೆ, ನಾಲ್ಕನೆಯ ಸಲಕ್ಕೆ ತಣ್ಣಗಾಗಿತ್ತು. ಅಷ್ಟು ಹೊತ್ತಿಗೆ ಊಟದ ಸಮಯ ಮೀರಿ ಹೋಗಿತ್ತು.